ಸ್ಪಷ್ಟನೆ: ಗೇರ್ ಬೀಳದಿದ್ದರೆ ಗೇರ್‌ಬಾಕ್ಸೇ ಹೋಗಿದೆ ಎಂದೇನಲ್ಲ

ಫೋಕ್ಸ್‌ವ್ಯಾಗನ್ ಟೈಪ್ 2ರ ಹಳೇ ಕ್ಯಾಂಪರ್ ವ್ಯಾನಿನಲ್ಲಿ ಗೇರ್ ಬೀಳದಿದ್ದರೆ ಗೇರ್‌ಬಾಕ್ಸ್ ಬಿಚ್ಚಲೇಬೇಕು ಎಂಬ ಮಾತು ಹರಿದಾಡುತ್ತಿದೆ. ಎಷ್ಟೋ ಸಲ ಅದರ ಅಗತ್ಯವೇ ಇರುವುದಿಲ್ಲ.

ಈ ವ್ಯಾನಿನ ಲಿವರ್ ಮುಂದೆ, ಗೇರ್‌ಬಾಕ್ಸ್ ಹಿಂದೆ. ನಡುವೆ ನೆಲದಡಿ ಉದ್ದನೆಯ ಶಿಫ್ಟ್ ರಾಡ್. ಅದರ ಬುಷ್ (ರಾಡನ್ನು ಹಿಡಿದಿಡುವ ಬಳೆ) ಸವೆದರೆ ಅಥವಾ ರಾಡನ್ನು ಗೇರ್‌ಬಾಕ್ಸಿಗೆ ಜೋಡಿಸುವ ಹಿಂದಿನ ಕಪ್ಲಿಂಗಿನ ರಬ್ಬರ್ ಹರಿದರೆ ಲಿವರ್ ಗಂಜಿಯೊಳಗಿನ ಸೌಟಿನಂತೆ ಆಡುತ್ತದೆ.

ಮೊದಲು ಎಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ರಿವರ್ಸ್ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಗೇರ್‌ಬಾಕ್ಸ್ ಬಳಿ ಕ್ಲಚ್ ಕೇಬಲ್ ತುದಿಯ ವಿಂಗ್ ನಟ್ (ರೆಕ್ಕೆಯಿರುವ ನಟ್) ತಿರುಗಿಸಿ, ಪೆಡಲಿನ ಫ್ರೀ ಪ್ಲೇ (ಕ್ಲಚ್ ಹಿಡಿಯುವ ಮುನ್ನ ಪೆಡಲ್ ಸಡಿಲವಾಗಿ ಆಡುವ ದೂರ) 10ರಿಂದ 20 ಮಿ.ಮೀ.ಗೆ ತನ್ನಿ. ತೀರಾ ಬಿಗಿದರೆ ಕ್ಲಚ್ ಜಾರಿ ಬೇಗ ಸವೆಯುತ್ತದೆ.

ಎಂಜಿನ್ ಆಫ್ ಇದ್ದಾಗಲೂ ಗೇರ್ ಸಿಗದಿದ್ದರೆ ಬುಷ್, ಕಪ್ಲಿಂಗ್ ಪರೀಕ್ಷಿಸಿ. ಕಪ್ಲಿಂಗಿನ ಚೌಕ ತಲೆಯ ಸ್ಕ್ರೂ ರಾಡಿನ ಗುಳಿಯಲ್ಲಿ ಕೂತಿರಬೇಕು, ತಂತಿಯಿಂದ ಲಾಕ್ ಆಗಿರಬೇಕು. ಆ ತಂತಿ ಹಾಕಲು ಸೋಮಾರಿತನ ಮಾಡಿದರೆ ಸ್ಕ್ರೂ ಸಡಿಲಾಗಿ ನಡುದಾರಿಯಲ್ಲಿ ಎಲ್ಲ ಗೇರೂ ಕೈಕೊಡಬಹುದು. ರಿವರ್ಸ್ ಒಂದೇ ತಕರಾರು ಮಾಡಿದರೆ ಲಿವರ್ ಬುಡದ ಸ್ಟಾಪ್ ಪ್ಲೇಟ್ (ತಪ್ಪಿ ರಿವರ್ಸ್ ಬೀಳದಂತೆ ತಡೆಯುವ ತಗಡು) ನೋಡಿ.

ಇಷ್ಟೆಲ್ಲ ಸರಿಯಿದ್ದೂ ಓಡುವಾಗ ಗೇರ್ ತಾನಾಗಿ ಹೊರಬಿದ್ದರೆ ಅಥವಾ ಎರಡನೇ ಗೇರ್‌ಗೆ ಇಳಿಸುವಾಗ ಕರಕರ ನಿಲ್ಲದಿದ್ದರೆ, ಆಗ ಗೇರ್‌ಬಾಕ್ಸ್ ಬಿಚ್ಚಿಸಿ.