ತೇಲುವ ಚರ್ಚು, ಮುಳುಗಡೆಯ ಜನ

ಇಟ್ಟಿಗೆ ಗಾರೆಯ ಕಟ್ಟಡವೂ ತೇಲಬಲ್ಲದು ಎಂದು ಲೋಕಕ್ಕೆ ತೋರಿಸಿಕೊಟ್ಟ ಜಿಲ್ಲೆ ನಮ್ಮದು. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚ್ ಇದೆ. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಗಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಅಂದಿನಿಂದ ಒಳ್ಳೆಯ ಮಳೆಯಾದ ವರ್ಷಗಳಲ್ಲೆಲ್ಲ ಚರ್ಚ್ ಸೊಂಟದವರೆಗೆ, ಕೆಲವೊಮ್ಮೆ ಕುತ್ತಿಗೆಯವರೆಗೆ ಹಿನ್ನೀರಿನಲ್ಲಿ ಮುಳುಗುತ್ತದೆ. ಇದಕ್ಕೆ ಪ್ರವಾಸಿಗರು ಇಟ್ಟಿರುವ ಹೆಸರು 'ತೇಲುವ ಚರ್ಚ್'.

ಬಾವಿಗೆ ಬಿದ್ದವನನ್ನು ಇಣುಕಿ ನೋಡಿ 'ಆಹಾ, ಎಷ್ಟು ಚೆನ್ನಾಗಿ ಈಜುತ್ತಾನೆ' ಎಂದ ಹಾಗಾಯಿತು. ಹೆಸರು ನಂಬಿಕೊಂಡು ಬೇಸಗೆಯಲ್ಲಿ ಬಂದವರ ಸಂಕಟವನ್ನು ಕೇಳಲೇಬೇಡಿ. ಮದುವೆಗೆ ಮುಂಚಿನ ಫೋಟೊಗೆಂದು ಮೈತುಂಬ ಜರಿ ಉಟ್ಟು ಕಾರಿನಿಂದಿಳಿದರೆ ಎದುರಿಗೆ ಬಿರುಕು ಬಿಟ್ಟ ನೆಲ. ಅಲ್ಲೊಂದು ಇಲ್ಲೊಂದು ಮೇಯುವ ದನ. ಚರ್ಚ್ ತನ್ನ ಪಾಡಿಗೆ ನೆಲದ ಮೇಲೆ ನಿಂತಿದೆ. ಚರ್ಚ್ ನೆಲದ ಮೇಲೆ ನಿಲ್ಲುವುದೆಂದರೇನು, ಶುದ್ಧ ಮೋಸ! ಚಾವಣಿ ಹೋಗಿ ಎಷ್ಟೋ ಕಾಲವಾಯಿತು, ಗೋಡೆಗಳೂ ಕುಸಿಯುತ್ತಿವೆ. ಚಿಂತೆಯಿಲ್ಲ, ಕುಸಿದ ಗೋಡೆ ಸಂಜೆಯ ಬೆಳಕಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಇತ್ತ ಅದೇ ನೀರಿಗೆ ಗದ್ದೆ, ಮನೆ, ದನದ ಕೊಟ್ಟಿಗೆ ಬಿಟ್ಟುಕೊಟ್ಟು ಪಾತ್ರೆಪಗಡ ಹೊತ್ತು ದಡ ಸೇರಿದವರಿಗೆ ನಮ್ಮ ಕಡೆ ಏನೆನ್ನುತ್ತಾರೆ ಗೊತ್ತೇ? 'ಮುಳುಗಡೆಯವರು'. ಪಾಪ, ಅವರು ಮುಳುಗಲೇ ಇಲ್ಲ. ಮುಳುಗಬಾರದೆಂದೇ ಎದ್ದು ಬಂದವರು. ಆದರೂ ಅರ್ಜಿಯಲ್ಲಿ ಮುಳುಗಡೆ, ಪ್ರಮಾಣಪತ್ರದಲ್ಲಿ ಮುಳುಗಡೆ, ಸಂಬಂಧ ಕೇಳಲು ಬಂದವರ ಬಾಯಲ್ಲೂ ಮುಳುಗಡೆ. ಹೇಮಾವತಿ ತುಂಬಿದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ, ಕೆರೆಗೆ ಕಾಲಿಡಲೂ ಹೆದರುವ ಮೊಮ್ಮಗನೂ ಮುಳುಗಡೆಯವನೇ.

ಹೀಗೆ ಮುಳುಗಿದ್ದು ತೇಲುವುದಾಯಿತು, ದಡ ಸೇರಿದ್ದು ಮುಳುಗಡೆಯಾಯಿತು. ಹೆಸರುಗಳನ್ನು ಅದಲುಬದಲು ಮಾಡಿದರೆ ಸರಿಹೋದೀತು ಎಂದು ಒಮ್ಮೆ ಯೋಚಿಸಿದ್ದೆ. ಆಮೇಲೆ ಭಯವಾಯಿತು. ಈ ಜನರನ್ನು 'ತೇಲುವವರು' ಎಂದು ಕಡತದಲ್ಲಿ ಒಮ್ಮೆ ಬರೆದುಬಿಟ್ಟರೆ, ತೇಲುವವರಿಗೆ ಪರಿಹಾರದ ನೆಲ ಏತಕ್ಕೆ ಎಂದು ಷರಾ ಬೀಳಲು ಎಷ್ಟು ಹೊತ್ತು? ಮೆಲ್ಲಗೆ ಓದಿ, ಯಾರಾದರೂ ಕೇಳಿಸಿಕೊಂಡಾರು.