ಹಜಾರದಲ್ಲಿ ಅಂಬೆಗಾಲು

ನಮ್ಮ ಮನೆಯ ಹಜಾರದಲ್ಲಿ ಹತ್ತು ವರ್ಷಗಳಿಂದ ಎರಡು ಚಿಕ್ಕ ಸ್ಪೀಕರುಗಳು ಹಾಡುತ್ತ ಬಂದಿವೆ. ಗಾಯಕರ ಕಂಠ, ಪಿಟೀಲು, ಮೃದಂಗದ ಬಲಗಡೆಯ ಚಾಪು, ಇವುಗಳಲ್ಲಿ ಅವು ಎಂದೂ ಕೊರತೆ ಮಾಡಿದ್ದಿಲ್ಲ. ಆದರೆ ಐದು ಇಂಚಿನ ಕೋನ್ ತಳ್ಳಬಲ್ಲ ಗಾಳಿಯಾದರೂ ಎಷ್ಟು? 70 ಹರ್ಟ್ಸ್‌ಗಿಂತ (ಸೆಕೆಂಡಿಗೆ 70 ಕಂಪನ) ಕೆಳಗೆ ಅವು ಸೋತುಬಿಡುತ್ತಿದ್ದವು. ವಿದ್ವಾಂಸರು ಕಛೇರಿಗೆ ಮುನ್ನ ಮೃದಂಗದ ಎಡಮುಖಕ್ಕೆ, ಅಂದರೆ ತೊಪ್ಪಿಗೆ, ರವೆ ಕಲಸಿ ಹಚ್ಚುವುದು ಯಾವ ಗಂಭೀರ ನಾದಕ್ಕಾಗಿಯೋ, ಆ ನಾದ ನಮ್ಮಲ್ಲಿ ರಟ್ಟಿನ ಡಬ್ಬ ತಟ್ಟಿದಂತೆ ಕೇಳುತ್ತಿತ್ತು. ರಾತ್ರಿ ಸದ್ದು ತಗ್ಗಿಸಿದರೆ ಅದೂ ಇಲ್ಲ. ಸದ್ದು ಇಳಿದಂತೆ ನಮ್ಮ ಕಿವಿ ಮೊದಲು ಕೈಬಿಡುವುದು ತಗ್ಗು ಸ್ವರಗಳನ್ನೇ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ.

ಹಾಗಾಗಿ ತಗ್ಗು ಸ್ವರಗಳನ್ನಷ್ಟೇ ಹೊಮ್ಮಿಸುವ ಸ್ಪೀಕರ್ ಪೆಟ್ಟಿಗೆ, ಅಂದರೆ ಒಂದು ಸಬ್‌ವೂಫರ್ ತಂದು ಮೂಲೆಯಲ್ಲಿಟ್ಟೆ. ಹಜಾರದ ನಟ್ಟನಡುವಿನ ಸೋಫಾದಲ್ಲಿ ಕುಳಿತರೆ ಏನೂ ಇಲ್ಲ. ಎದ್ದು ಹಿಂದಿನ ಗೋಡೆಗೆ ಒರಗಿದರೆ ಗುಡುಗು. ತಂತಿಗಳನ್ನೆಲ್ಲ ಬಿಚ್ಚಿ ಕಟ್ಟಿದ ಮೇಲೆ, ಕೊನೆಗೆ ಕಾಗದ ಹಿಡಿದು ಲೆಕ್ಕ ಹಾಕಿದಾಗ ತಪ್ಪು ಪೆಟ್ಟಿಗೆಯದಲ್ಲ, ಹಜಾರದ್ದು ಎಂದು ತಿಳಿಯಿತು. ಅದರ ಉದ್ದ 14 ಅಡಿ. 40 ಹರ್ಟ್ಸ್ ಸ್ವರದ ಅಲೆಯ ಉದ್ದ ಸುಮಾರು 28 ಅಡಿ. ಅದರ ಅರ್ಧ ನಮ್ಮ ಎರಡು ಗೋಡೆಗಳ ನಡುವೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ. ಹೋಗುವ ಅಲೆಯೂ ಗೋಡೆಗೆ ಬಡಿದು ಮರಳುವ ಅಲೆಯೂ ಕೂಡಿ ಗೋಡೆಯ ಬಳಿ ಉಬ್ಬುತ್ತವೆ, ನಡುವೆ ಒಂದನ್ನೊಂದು ಅಳಿಸಿಹಾಕುತ್ತವೆ. ಆ ನಡುವಿನಲ್ಲೇ ಕೂರುತ್ತೇನೆಂದು ಹಟ ಹಿಡಿದರೆ ಪೆಟ್ಟಿಗೆಯನ್ನು ಎಲ್ಲಿಟ್ಟರೂ ಅಷ್ಟೆ. ಸೋಫಾವನ್ನು ಎರಡಡಿ ಹಿಂದಕ್ಕೆ ಸರಿಸಿದೆ.

ಮುಂದಿನದು ಬಲ್ಲವರು ಹೇಳುವ ಉಪಾಯ. ಸಬ್‌ವೂಫರನ್ನೇ ಸೋಫಾದ ಮೇಲೆ ಕೂರಿಸಿ, ಕೇಳುವವನು ನೆಲದ ಮೇಲೆ ಅಂಬೆಗಾಲಿಡುತ್ತ ಗೋಡೆಗುಂಟ ಹೋಗಬೇಕು. ತಗ್ಗು ಸ್ವರಗಳು ಎಲ್ಲಿ ಏರಿಳಿತವಿಲ್ಲದೆ ಕೇಳುತ್ತವೆಯೋ ಅದೇ ಪೆಟ್ಟಿಗೆಯ ಜಾಗ. ಪೆಟ್ಟಿಗೆ ಯಜಮಾನನಂತೆ ಸೋಫಾದಲ್ಲಿ ವಿರಾಜಮಾನವಾಗಿತ್ತು, ಐವತ್ತು ದಾಟಿದ ನಾನು ಟೀಪಾಯಿಯ ಕೆಳಗಿದ್ದೆ. ಒಳಗಿನಿಂದ ಬಂದ ಅಮ್ಮ, “ಏನೋ ಹುಡುಕ್ತಿದೀಯ, ಚಿಲ್ಲರೆ ಬಿತ್ತಾ?” ಎಂದರು. ಬೇಸ್ ಹುಡುಕುತ್ತಿದ್ದೇನೆ ಎನ್ನುವ ಧೈರ್ಯವಾಗಲಿಲ್ಲ. ಮುಂದಿನ ಗೋಡೆಯ ಮಧ್ಯದಲ್ಲಿ, ಎರಡು ಸ್ಪೀಕರುಗಳ ನಡುವೆ ಅದು ಸಿಕ್ಕಿತು.

ನನ್ನ ಕಿವಿಗೇನೋ ನೆಮ್ಮದಿಯಾಯಿತು. ಅಮ್ಮ ಕೂರುವ ಬೆತ್ತದ ಕುರ್ಚಿ ಮಾತ್ರ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ಅದನ್ನು ಸರಿಸುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಅಲ್ಲಿ ಅವರಿಗೆ ಕೇಳಿಸುತ್ತಿದ್ದುದು ಪಕ್ಕದ ಬೀದಿಯ ಗಣೇಶೋತ್ಸವ. ಎರಡನೆಯ ಸಬ್‌ವೂಫರ್ ಬಂದದ್ದು ಆ ಕುರ್ಚಿಗಾಗಿ. ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದನ್ನು ಇಟ್ಟರೆ, ಒಂದು ಎಬ್ಬಿಸುವ ಉಬ್ಬನ್ನು ಇನ್ನೊಂದು ಅಡಗಿಸುತ್ತದೆ. ಸದ್ದು ದುಪ್ಪಟ್ಟಾಗಲೆಂದು ಎರಡನೆಯದನ್ನು ಕೊಳ್ಳುವವರಿದ್ದಾರೆ. ನಾನು ಎರಡನ್ನೂ ತಗ್ಗಿಸಿಟ್ಟೆ. ತಗ್ಗು ಸ್ವರಗಳನ್ನು ಸ್ಪೀಕರುಗಳಿಂದ ಬೇರೆ ಮಾಡಿ ಪೆಟ್ಟಿಗೆಗಳಿಗೆ ಕಳಿಸುವ ಗಡಿಯಾದ ಕ್ರಾಸ್‌ಓವರನ್ನು 80 ಹರ್ಟ್ಸ್‌ಗೆ ನಿಲ್ಲಿಸಿದೆ, ಏಕೆಂದರೆ ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗೊತ್ತಾಗುವುದು ಕಷ್ಟ.

ಆ ಸಂಜೆ ಹಳೆಯ ಕಛೇರಿಯೊಂದನ್ನು ಹಾಕಿದೆ, ನೂರು ಸಲವಾದರೂ ಕೇಳಿದ್ದು. ಮೃದಂಗವೊಂದೇ ನುಡಿಯುವ ತನಿಯಾವರ್ತನದಲ್ಲಿ ಗುಮ್ಕಿ, ಅಂದರೆ ತೊಪ್ಪಿಯ ಆ ಗಂಭೀರ ನಾದ, ಮೊಳಗಿದಾಗ ಅಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ, “ಇವತ್ತು ತೊಪ್ಪಿಗೆ ರವೆ ಸರಿಯಾಗಿ ಹಚ್ಚಿದ್ದಾರೆ ನೋಡು” ಎಂದರು.