ನನ್ನದು ಅಗತ್ಯ, ನಿಮ್ಮದು ದುರಾಸೆ

ಯಾರಿಗೆ ಎಷ್ಟು ಸಿಗಬೇಕು ಎಂದು ತೀರ್ಮಾನಿಸುವ ಸಭೆಗಳನ್ನು ಗಮನಿಸಿದ್ದೀರಾ? ಮೇಜಿನ ಸುತ್ತ ಕುಳಿತವರಿಗೆಲ್ಲ ಸಿಗಬೇಕಾದ್ದು ಆಗಲೇ ಸಿಕ್ಕಿರುತ್ತದೆ. ಹೊಟ್ಟೆ ತುಂಬಿದೆ. ಕುರ್ಚಿ ಮೆತ್ತಗಿದೆ. ಇಷ್ಟೆಲ್ಲ ಆದ ಮೇಲೆ ಗಂಭೀರ ಚರ್ಚೆ ಶುರು: ಹಸಿದವರಿಗೆ ಎಷ್ಟು ಕೊಟ್ಟರೆ ಅವರು ಸೋಮಾರಿಗಳಾಗದೆ ಉಳಿಯುತ್ತಾರೆ?

ಈ ಸೋಮಾರಿತನದ ಭಯ ಅವರ ವಿಷಯದಲ್ಲಿ ಮಾತ್ರ. ಸಭೆಗೆ ಬಂದವರ ಭತ್ಯೆ ಏರಿದರೆ ಅದಕ್ಕೆ ಪ್ರೋತ್ಸಾಹ ಅಂತಾರೆ. ಇದ್ದವನಿಗೆ ಇನ್ನಷ್ಟು ಕೊಟ್ಟರೆ ಚುರುಕಾಗುತ್ತಾನಂತೆ. ಇಲ್ಲದವನಿಗೆ ಸ್ವಲ್ಪ ಕೊಟ್ಟರೆ ಮಲಗಿಬಿಡುತ್ತಾನಂತೆ. ಅದೇ ದುಡ್ಡು, ಜೇಬು ಯಾರದು ಅಂತ ನೋಡಿಕೊಂಡು ಗುಣ ಬದಲಿಸುತ್ತದೆ. ಭೌತಶಾಸ್ತ್ರದವರು ಇನ್ನೂ ಯಾಕೆ ಈ ಕಡೆ ತಿರುಗಿ ನೋಡಿಲ್ಲವೋ.

ಮೂಲಭೂತ ಅಗತ್ಯ ಅಂದರೆ ಯಾವುದು ಅನ್ನುವುದರಲ್ಲಿ ಗೊಂದಲ ಇದೆಯೇ? ಇರಬಾರದಿತ್ತು. 1948ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ 25ನೇ ವಿಧಿಯಲ್ಲಿ ಪಟ್ಟಿಯೇ ಇದೆ. ಆಹಾರ, ಬಟ್ಟೆ, ವಸತಿ, ವೈದ್ಯಕೀಯ ನೆರವು. ಆದರೆ ನಮ್ಮ ಸಭಾಸದರು 24ನೇ ವಿಧಿಯಲ್ಲೇ ನಿಂತುಬಿಟ್ಟಿದ್ದಾರೆ. ಅಲ್ಲಿ ಬಿಡುವು ಮತ್ತು ಸಂಬಳ ಸಹಿತ ರಜೆಯ ಮಾತಿದೆ. ಅದು ಅವರಿಗೆ ಬಾಯಿಪಾಠ.

ಜನರು ಸ್ವಭಾವತಃ ಕೆಟ್ಟವರೇನಲ್ಲ. ಅದನ್ನೂ ಹೇಳಬೇಕು. 1984ರಲ್ಲಿ ಯಾರಿ ಮತ್ತು ಬಾರ್-ಹಿಲ್ಲೆಲ್ ಎಂಬ ಇಬ್ಬರು ಸಂಶೋಧಕರು ಒಂದು ಲೆಕ್ಕ ಕೊಟ್ಟರು. ಎರಡು ಬಗೆಯ ಹಣ್ಣು, ಇಬ್ಬರು ಮನುಷ್ಯರು. ಒಬ್ಬನ ದೇಹಕ್ಕೆ ಎರಡೂ ಹಣ್ಣಿನಿಂದ ಬೇಕಾದ ಜೀವಸತ್ವ ಸಿಗುತ್ತದೆ, ಇನ್ನೊಬ್ಬನಿಗೆ ಒಂದರಿಂದ ಮಾತ್ರ. ಹೇಗೆ ಹಂಚುತ್ತೀರಿ? ಇಬ್ಬರಿಗೂ ಸಮನಾಗಿ ಜೀವಸತ್ವ ಸಿಗುವ ಹಾಗೆ ಹಂಚೋಣ ಎಂದವರೇ ಬಹುಪಾಲು. ಆಮೇಲೆ ಅದೇ ಲೆಕ್ಕದಲ್ಲಿ ಒಂದೇ ಒಂದು ಬದಲಾವಣೆ ಮಾಡಿದರು. ಇದು ಆರೋಗ್ಯದ ಮಾತಲ್ಲ, ಬರೀ ನಾಲಿಗೆ ರುಚಿಯ ಮಾತು ಅಂದರು. ಅಂಕಿಗಳು ಅವೇ. ಆದರೂ ಸಮನಾಗಿ ಹಂಚೋಣ ಅನ್ನುವವರ ಸಂಖ್ಯೆ ಕುಸಿದುಬಿತ್ತು.

ಈ ಪ್ರಯೋಗದ ವಿವರ ಸಭೆಗಳಿಗೆ ಹೇಗೋ ತಲುಪಿರಬೇಕು ಅಂತ ನನ್ನ ಗುಮಾನಿ. ಯಾಕೆಂದರೆ ಈಗ ಯಾರೂ ಬಡವರಿಗೆ ಕೊಡಬೇಡಿ ಎಂದು ಬಾಯಿ ಬಿಟ್ಟು ಹೇಳುವುದಿಲ್ಲ. ಅಷ್ಟು ಒರಟರು ಯಾರಿದ್ದಾರೆ? ಸುಮ್ನೆ ಒಂದು ಸಂದೇಹ ಎತ್ತುತ್ತಾರೆ. ಅವರ ಕೈಯಲ್ಲಿ ಮೊಬೈಲ್ ಇದೆಯಂತಲ್ಲ? ಮಗುವಿಗೆ ಹೊಸ ಚಪ್ಪಲಿ ಕೊಡಿಸಿದ್ದಾರಂತಲ್ಲ? ನಗುನಗುತ್ತಾ ಇದ್ದರಂತಲ್ಲ? ಇಷ್ಟು ಸಾಕು. ಅಗತ್ಯ ಅಂತಿದ್ದದ್ದು ರುಚಿಯ ಖಾತೆಗೆ ಜಮೆ ಆಯಿತು. ಬಡತನಕ್ಕೆ ಒಂದು ಸಮವಸ್ತ್ರ ಇದೆ, ಅದನ್ನು ಕಳಚಿದವರಿಗೆ ಏನೂ ಇಲ್ಲ.

ಇನ್ನು ನೆರವು ಕೇಳಿ ಬಡವರು ತುಂಬಬೇಕಾದ ಅರ್ಜಿ. 1943ರಲ್ಲಿ ಮನಃಶಾಸ್ತ್ರಜ್ಞ ಅಬ್ರಹಾಂ ಮಾಸ್ಲೋ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿಟ್ಟರು. ಮೊದಲು ಹಸಿವು ಬಾಯಾರಿಕೆ. ಆಮೇಲೆ ಭದ್ರತೆ, ಪ್ರೀತಿ, ಗೌರವ. ಎಲ್ಲ ಆದ ಮೇಲೆ ತನ್ನೊಳಗಿನ ಶಕ್ತಿ ಪೂರ್ತಿ ಅರಳುವ ಹಂತ. ಅರ್ಜಿ ರಚಿಸುವವರ ಕೈಗೆ ಈ ಪಟ್ಟಿ ತಲೆಕೆಳಗಾಗಿ ಸಿಕ್ಕಂತಿದೆ. ಹಸಿದವನು ಮೊದಲು ಸ್ವಾವಲಂಬಿ ಆಗುವ ಇಚ್ಛೆ ತೋರಿಸಬೇಕು. ಐದು ವರ್ಷದ ಗುರಿ ಬರೆಯಬೇಕು. ತನಗೆ ಮನೆ ಇಲ್ಲ ಅನ್ನುವುದಕ್ಕೆ ಮನೆ ವಿಳಾಸದ ದಾಖಲೆ ಲಗತ್ತಿಸಬೇಕು. ಮೂರು ಪ್ರತಿ. ಕೊನೆಗೆ, ಪುಟದ ಕೆಳಗೆ, ಊಟದ ಕಾಲಂ. ಅದರ ಪಕ್ಕದಲ್ಲಿ 'ಅನ್ವಯಿಸಿದರೆ ಮಾತ್ರ'.

ಹಾಗಾದರೆ ಸಭಾಸದರನ್ನೇ ಸ್ವಲ್ಪ ಉಪವಾಸ ಕೂರಿಸಿದರೆ ಹೇಗೆ? ಇದನ್ನೂ ಮಾಡಿ ನೋಡಿದ್ದಾರೆ, ಸಭಾಸದರ ಮೇಲಲ್ಲ, ಪಾಪದ ವಿದ್ಯಾರ್ಥಿಗಳ ಮೇಲೆ. ಡೆನ್ಮಾರ್ಕಿನ ಇಬ್ಬರು ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ನಾಲ್ಕು ಗಂಟೆ ಏನೂ ತಿನ್ನದೆ ಬಂದವರಲ್ಲಿ ಕೆಲವರಿಗೆ ಸಕ್ಕರೆ ಇರುವ ಪಾನೀಯ, ಉಳಿದವರಿಗೆ ಸಕ್ಕರೆ ಇಲ್ಲದ್ದು. ಸಕ್ಕರೆ ಸಿಗದವರು ಸರ್ಕಾರದ ಕಲ್ಯಾಣ ಯೋಜನೆಗಳನ್ನು ಜಾಸ್ತಿ ಬೆಂಬಲಿಸಿದರು. ಆಹಾ, ಹಸಿವು ಮನುಷ್ಯನನ್ನು ಉದಾರಿ ಮಾಡಿತು ಎಂದು ಹಿಗ್ಗಬೇಡಿ. ಕೈಯಲ್ಲಿರುವ ದುಡ್ಡನ್ನು ಇನ್ನೊಬ್ಬನ ಜೊತೆ ಹಂಚಿಕೊಳ್ಳಿ ಅಂದಾಗ ಅವರು ಉಳಿದವರಿಗಿಂತ ಒಂದು ಕಾಸೂ ಹೆಚ್ಚು ಬಿಚ್ಚಲಿಲ್ಲ. ಹಂಚಬೇಕು, ಖಂಡಿತ ಹಂಚಬೇಕು. ಹಂಚುವವರು ಬೇರೆಯವರಾಗಿದ್ದರೆ ಆಯಿತು, ಅಷ್ಟೇ ಅಲ್ವಾ?

ಉಳಿದದ್ದು ಒಂದೇ ದಾರಿ. 1971ರಲ್ಲಿ ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ಒಂದು ಉಪಾಯ ಹೇಳಿದ್ದರು. ನಿಯಮ ಮಾಡುವವರನ್ನು ಅಜ್ಞಾನದ ಪರದೆಯ ಹಿಂದೆ ಕೂರಿಸಿ. ತಾನು ಶ್ರೀಮಂತನೋ ಬಡವನೋ, ಗಟ್ಟಿಮುಟ್ಟೋ ರೋಗಿಷ್ಠನೋ ಯಾರಿಗೂ ಗೊತ್ತಿರಬಾರದು. ಆಗ ನಿಯಮ ನ್ಯಾಯವಾಗಿ ಬರುತ್ತದೆ. ಅಂಥ ಪರಿಸ್ಥಿತಿಯಲ್ಲಿ ಜನ ತೀರಾ ಕೆಳಗಿರುವವನ ಪಾಲು ಆದಷ್ಟು ಹೆಚ್ಚಾಗುವ ನಿಯಮವನ್ನೇ ಆರಿಸುತ್ತಾರೆ ಎಂಬುದು ಅವರ ವಾದ. 1980ರ ದಶಕದಲ್ಲಿ ಫ್ರೋಲಿಕ್ ಮತ್ತು ಓಪನ್‌ಹೈಮರ್ (ಬಾಂಬಿನ ಓಪನ್‌ಹೈಮರ್ ಅಲ್ಲ) ಎಂಬ ಇಬ್ಬರು ಸಂಶೋಧಕರು ಇದನ್ನು ವಿದ್ಯಾರ್ಥಿಗಳ ಮುಂದಿಟ್ಟು ಪರೀಕ್ಷಿಸಿದರು. ತಮ್ಮ ಪಾಲಿಗೆ ಯಾವ ಆದಾಯ ಬರುತ್ತದೋ ತಿಳಿಯದ ಆ ಗುಂಪುಗಳು ರಾಲ್ಸ್ ಹೇಳಿದ್ದನ್ನು ಬಹುತೇಕ ಆರಿಸಲೇ ಇಲ್ಲ. ಹೆಚ್ಚಿನ ಗುಂಪುಗಳ ಆಯ್ಕೆ ಬೇರೆ: ಎಲ್ಲರಿಗೂ ಇಷ್ಟಕ್ಕಿಂತ ಕಡಿಮೆ ಆಗಬಾರದು ಅಂತ ಒಂದು ಗೆರೆ ಎಳೆಯೋಣ, ಅದರ ಮೇಲೆ ಯಾರು ಎಷ್ಟು ಬೇಕಾದರೂ ದುಡಿಯಲಿ. ವಾದ ಮಾಡಿ, ಮತ ಹಾಕಿ ಒಪ್ಪಿಕೊಂಡದ್ದು ಇದನ್ನೇ. ಇದರಲ್ಲಿ ಕ್ರಾಂತಿ ಏನೂ ಇಲ್ಲ ನೋಡಿ. ಯಾವ ಶ್ರೀಮಂತನೂ ಬೆಚ್ಚಿಬೀಳುವಂಥದ್ದಲ್ಲ.

ಹಾಗಾಗಿ ನನ್ನದೊಂದು ವಿನಮ್ರ ಸಲಹೆ. ಮುಂದಿನ ಸಭೆಯಲ್ಲಿ ಎಲ್ಲ ಸದಸ್ಯರೂ ಬಾಗಿಲಲ್ಲೇ ತಮ್ಮ ಆಸ್ತಿ, ಸಂಬಳ, ಆರೋಗ್ಯ ಬಿಟ್ಟು ಒಳಗೆ ಬರಲಿ. ಗೆರೆ ಎಲ್ಲಿರಬೇಕು ಅಂತ ತೀರ್ಮಾನಿಸಲಿ. ಹೊರಗೆ ಹೋಗುವಾಗ ಒಬ್ಬೊಬ್ಬರೂ ಡಬ್ಬಿಯಿಂದ ಒಂದೊಂದು ಚೀಟಿ ಎತ್ತಲಿ. ಚೀಟಿಯಲ್ಲಿ ಬಂದ ಬದುಕು ಅವರದ್ದು.

ಸಲಹೆ ಕೇಳಿ ಅಧ್ಯಕ್ಷರು ತುಂಬಾ ಮೆಚ್ಚಿಕೊಂಡರು. ಕ್ರಾಂತಿಕಾರಿ ಚಿಂತನೆ ಅಂದರು. ತಾತ್ವಿಕವಾಗಿ ಪೂರ್ತಿ ಒಪ್ಪಿಗೆ ಇದೆಯಂತೆ. ಚೀಟಿಗಳನ್ನು ಯಾರು ಬರೆಯುತ್ತಾರೆ, ಮಡಿಸುವ ಮೊದಲು ಒಮ್ಮೆ ನೋಡಬಹುದಾ ಅಂತ ಮಾತ್ರ ಕೇಳಿದ್ದಾರೆ.